‘ಮುಂದುವರಿದ ಶಿಕ್ಷಣ’ ಅಂದ್ರೆ ಏನು ಅರ್ಥವಾಗುತ್ತೆ? ತಜ್ಞ ವೈದ್ಯರ ಆನ್‌ಲೈನ್ ಕಲಿಕೆಗೆ ಒಂದು ಪದ ಬೇಕು

ಗೆಳೆಯರೇ,

ಒಂದು ಪದ ವಾರದಿಂದ ತಲೆ ತಿನ್ನುತ್ತಿದೆ. ತಜ್ಞ ವೈದ್ಯರು ಕೆಲಸ ಮಾಡುತ್ತಲೇ ಆನ್‌ಲೈನಿನಲ್ಲಿ ಹೇಗೆ ಕಲಿಯುತ್ತಾರೆ ಎಂದು ರೋಗಿಗಳ ಮನೆಯವರಿಗೆ ತಿಳಿಸುವ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಡಾಕ್ಟರುಗಳ ಬಾಯಲ್ಲಿ ಇದಕ್ಕೆ ಸಿಎಂಇ (ಕಂಟಿನ್ಯೂಯಿಂಗ್ ಮೆಡಿಕಲ್ ಎಜುಕೇಶನ್) ಅಂತಲೇ ಹೆಸರು. ‘ಸಂಜೆ ಸಿಎಂಇ ಇದೆ’, ‘ಎರಡು ಕ್ರೆಡಿಟ್ ಸಿಗುತ್ತೆ’ ಅಂದರೆ ಅವರಿಗೆ ಸಾಕು. ಮನೆಯವರಿಗೆ ಸಾಲದು. ಅದಕ್ಕೇ ಕರಡಿನಲ್ಲಿ ‘ಮುಂದುವರಿದ ವೈದ್ಯಕೀಯ ಶಿಕ್ಷಣ’ ಎಂದು ಬರೆದೆ. ಅದನ್ನು ಓದಿದ ಹಿರಿಯರೊಬ್ಬರು ಕೇಳಿದರು: ‘ಹಾಗಾದ್ರೆ ಈ ಡಾಕ್ಟರ ಓದು ಇನ್ನೂ ಮುಗಿದಿಲ್ವಾ?’

ಅವರು ಕೇಳಿದ್ದರಲ್ಲಿ ತಪ್ಪಿಲ್ಲ. ತಪ್ಪಿರುವುದು ಪದದಲ್ಲಿ. ‘ಮುಂದುವರಿದ’ ಎಂದಾಗ ನಮ್ಮ ಕಿವಿಗೆ ಮೊದಲು ಬೀಳುವುದು ‘ಮುಂದುವರಿದ ದೇಶ’, ಅಂದರೆ ಎತ್ತರಕ್ಕೆ ಹೋದದ್ದು. ಇಲ್ಲವೇ ಅರ್ಧಕ್ಕೆ ನಿಂತದ್ದರ ಉಳಿದ ಭಾಗ. ಆಸ್ಪತ್ರೆಯಲ್ಲಂತೂ ಈ ಮಾತಿಗೆ ಇನ್ನೊಂದು ಭಾರವಿದೆ. ‘ಕಾಯಿಲೆ ಮುಂದುವರಿದಿದೆ’, ‘ಮುಂದುವರಿದ ಹಂತ’ ಎಂದು ಕೇಳಿ ಹೆದರಿದವರ ಕೈಗೇ ಈ ಕೈಪಿಡಿ ಹೋಗುತ್ತದೆ. ಅವರ ಮುಂದೆ ಈ ಪದ ಇಡಲು ನನಗೆ ಮನಸ್ಸಿಲ್ಲ.

ಸರಿ, ‘ನಿರಂತರ ವೈದ್ಯಕೀಯ ಶಿಕ್ಷಣ’ ಅನ್ನೋಣ ಅಂತ ನೋಡಿದೆ. ಪತ್ರಿಕೆಗಳಲ್ಲಿ ಇದೇ ಜಾಸ್ತಿ. ಆದರೆ ಬಿಡಿಸಿ ನೋಡಿ: ನಿರ್ + ಅಂತರ. ನಡುವೆ ಬಿಡುವಿಲ್ಲದ್ದು. ತಜ್ಞರ ಕಲಿಕೆಯಲ್ಲಿ ಇರುವುದೇ ಬಿಡುವುಗಳು! ಹೊರರೋಗಿಗಳನ್ನು ನೋಡಿ ಮುಗಿಸಿ ಇಪ್ಪತ್ತು ನಿಮಿಷ ಪಾಠ ನೋಡುತ್ತಾರೆ. ಕರೆ ಬಂದರೆ ನಿಲ್ಲಿಸಿ ಏಳುತ್ತಾರೆ. ಮತ್ತೆ ಮೂರು ದಿನ ಬಿಟ್ಟು ಕೂರುತ್ತಾರೆ.

ಈ ಬಿಡುವು ಬರೀ ಅನಿವಾರ್ಯ ಅಂತಲೂ ಅಲ್ಲ. ಜರ್ಮನಿಯ ಮನಃಶಾಸ್ತ್ರಜ್ಞ ಹರ್ಮನ್ ಎಬ್ಬಿಂಗ್‌ಹೌಸ್ ತನ್ನ ನೆನಪನ್ನೇ ಪರೀಕ್ಷೆಗೆ ಒಡ್ಡಿ 1885ರಲ್ಲಿ ಇದನ್ನು ಬರೆದಿಟ್ಟ. ಒಂದೇ ಸಲ ಕೂತು ಉರು ಹೊಡೆಯುವುದಕ್ಕಿಂತ ಕೆಲವು ದಿನಗಳಿಗೆ ಹಂಚಿಕೊಂಡು ಮತ್ತೆ ಮತ್ತೆ ನೋಡಿದ್ದು ಹೆಚ್ಚು ನಿಲ್ಲುತ್ತದೆ. ಒಳ್ಳೆಯ ಆನ್‌ಲೈನ್ ಪಾಠಗಳು ಬೇಕೆಂದೇ ಹೀಗೆ ಮಾಡುತ್ತವೆ. ಪರಿಚಯದ ಹೃದ್ರೋಗ ತಜ್ಞೆಯೊಬ್ಬರು ಪಾಠ ನೋಡುವಾಗ ಪಕ್ಕದಲ್ಲಿ ಕೂತಿದ್ದೆ. ತೆರೆಯ ಮೇಲೆ ಹೃದಯದ ಎಕೋ (ಶಬ್ದದಲೆಗಳಿಂದ ತೆಗೆದ ಚಲಿಸುವ ಚಿತ್ರ) ಓಡುತ್ತಿತ್ತು, ಒಂದೇ ಬಡಿತ ಮತ್ತೆ ಮತ್ತೆ. ಕೆಳಗೆ ಒಂದು ಪ್ರಶ್ನೆ, ನಾಲ್ಕು ಉತ್ತರ. ಅವರು ಮುಂದಕ್ಕೆ ಬಾಗಿ, ಕವಾಟದ ಅಂಚಿನ ಮೇಲೆ ಬೆರಳಿಟ್ಟು, ‘ಇಲ್ಲಿ ನೋಡಿ, ಸರಿಯಾಗಿ ಮುಚ್ತಾ ಇಲ್ಲ’ ಅಂದರು. ಆದರೂ ಒತ್ತಿದ್ದು ತಪ್ಪು ಉತ್ತರ. ವಿವರಣೆ ಬಂತು, ಓದಿದರು. ಹತ್ತು ದಿನದ ಮೇಲೆ ಅದೇ ಪ್ರಶ್ನೆ ಬೇರೆ ರೋಗಿಯ ಎಕೋ ಜೊತೆ ಮತ್ತೆ ಬಂತಂತೆ. ಈ ಸಲ ಸರಿ ಮಾಡಿದರಂತೆ. ಆ ಹತ್ತು ದಿನವೂ ಪಾಠದ ಭಾಗವೇ. ಇದನ್ನು ‘ನಿರಂತರ’ ಎಂದು ಹೇಗೆ ಕರೆಯಲಿ?

‘ತಜ್ಞ’ ಪದವೂ ಇಲ್ಲಿ ಸ್ವಲ್ಪ ತೊಡಕು ಮಾಡುತ್ತದೆ. ತತ್ + ಜ್ಞ, ‘ಅದನ್ನು ಬಲ್ಲವರು’. ಬಲ್ಲವರು ಇನ್ನೇನು ಕಲಿಯುವುದು ಎಂದು ಓದುಗರಿಗೆ ಅನ್ನಿಸಬಹುದು. ಬದಲಾಗುತ್ತಿರುವುದು ಆ ‘ತತ್’. ಮಿದುಳಿನ ದೊಡ್ಡ ರಕ್ತನಾಳ ಕಟ್ಟಿಕೊಂಡು ಪಾರ್ಶ್ವವಾಯು ಆದಾಗ ತೂರುನಳಿಗೆ (ಕ್ಯಾತಿಟರ್, ರಕ್ತನಾಳದೊಳಗೆ ತೂರಿಸುವ ಸಣ್ಣ ಕೊಳವೆ) ಹಾಕಿ ಹೆಪ್ಪನ್ನು ಎಳೆದು ತೆಗೆಯುವುದರಿಂದ ಲಾಭವಿದೆ ಎಂದು ಗಟ್ಟಿಯಾದದ್ದು 2015ರಲ್ಲಿ. 2018ರ ಹೊತ್ತಿಗೆ, ಆಯ್ದ ರೋಗಿಗಳಲ್ಲಿ 24 ಗಂಟೆಯವರೆಗೂ ಇದನ್ನು ಮಾಡಬಹುದು ಎಂದು ತಿಳಿಯಿತು. 2010ರಲ್ಲಿ ನರರೋಗ ತಜ್ಞರಾದವರ ಪಠ್ಯದಲ್ಲಿ ಈ ತಿಳಿವಳಿಕೆ ಇರಲು ಸಾಧ್ಯವೇ ಇರಲಿಲ್ಲ. ಅವರು ಆಮೇಲೆ ಕಲಿತರು, ಅದರಿಂದ ಯಾರದೋ ಕೈಕಾಲು ಉಳಿಯಿತು. ಮನೆಯವರಿಗೆ ನಾನು ಹೇಳಬೇಕಿರುವುದು ಇದನ್ನೇ. ಈ ಡಾಕ್ಟರ ಓದು ಮುಗಿದಿದೆ, ಕಲಿಕೆ ನಿಂತಿಲ್ಲ.

ಈ ಸಾಲು ಬರೆಯುವಾಗಲೇ ಹೊಳೆಯಿತು, ‘ಶಿಕ್ಷಣ’ ಬಿಟ್ಟು ‘ಕಲಿಕೆ’ ಇಟ್ಟರೆ ಅರ್ಧ ಗೊಂದಲ ಹೋಗುತ್ತದೆ. ಶಿಕ್ಷಣ ಎಂದರೆ ಯಾರೋ ಕೊಡುವುದು, ಇನ್ಯಾರೋ ಪಡೆಯುವುದು. ಕಲಿಕೆ ತಾನೇ ಮಾಡುವುದು. ಅದು ತಮಿಳಿನ ‘ಕಲ್ವಿ’ಯ ನಂಟಿನ ಹಳೆಯ ಪದ, ಎಲ್ಲರ ಬಾಯಲ್ಲೂ ಇದೆ. ಹಾಗಾಗಿ ಸದ್ಯಕ್ಕೆ ‘ವೃತ್ತಿಯುದ್ದದ ಕಲಿಕೆ’ ಎಂದು ಇಟ್ಟುಕೊಂಡಿದ್ದೇನೆ. ಉದ್ದ ಎಂದರೆ ಸಾಕು, ಬಿಡುವಿಲ್ಲ ಎಂದು ಹೇಳಬೇಕಾಗಿಲ್ಲ. ‘ವೈದ್ಯರ ವೃತ್ತಿಯುದ್ದದ ಕಲಿಕೆ’ ಎಂದರೆ ನಿಮಗೆ ಹೇಗೆ ಕೇಳುತ್ತದೆ?

‘ಆನ್‌ಲೈನ್’ ಹಾಗೇ ಇರಲಿ ಎಂಬುದು ನನ್ನ ಅನಿಸಿಕೆ. ‘ಅಂತರ್ಜಾಲ ಕಲಿಕೆ’ ಎಂದರೆ ಅಂತರ್ಜಾಲದ ಬಗ್ಗೆ ಕಲಿಯುವುದು ಎಂಬ ಅರ್ಥವೂ ಬರುತ್ತದೆ.

‘ಕ್ರೆಡಿಟ್’ ಕೂಡ ಹಾಗೇ ಉಳಿಸಿದ್ದೇನೆ, ಆದರೆ ಬೇಸರದಿಂದ. ‘ಸಾಲ’ ಆಗುವುದಿಲ್ಲ, ‘ಜಮೆ’ ಬ್ಯಾಂಕಿಗೆ ಹೋಗುತ್ತದೆ, ‘ಅಂಕ’ ಎಂದರೆ ಪರೀಕ್ಷೆಯಲ್ಲಿ ತೆಗೆದದ್ದು ಎಂದಾಗುತ್ತದೆ. ಅಮೆರಿಕ, ಯೂರೋಪಿನ ಪದ್ಧತಿಗಳಲ್ಲಿ ಸಾಮಾನ್ಯವಾಗಿ ಒಂದು ಗಂಟೆಗೆ ಒಂದು ಕ್ರೆಡಿಟ್. ಎಷ್ಟು ಹೊತ್ತು ಕೂತರು ಎಂಬುದರ ಲೆಕ್ಕ ಅದು, ಎಷ್ಟು ತಿಳಿಯಿತು ಎಂಬುದರದ್ದಲ್ಲ. ‘ಕಲಿಕೆ ಗಂಟೆ’ ಎಂದರೆ ನಿಜಕ್ಕೆ ಹತ್ತಿರವಾಗುತ್ತದೆ, ಅಲ್ವಾ?

ನಿಜವಾಗಿ ಸಿಕ್ಕಿಬಿದ್ದಿರುವುದು ಇನ್ನೊಂದು ಜೋಡಿಯಲ್ಲಿ. ಎಲ್ಲರೂ ಒಂದೇ ಹೊತ್ತಿಗೆ ಕೂತು ನೋಡಿ, ಪ್ರಶ್ನೆ ಕೇಳುವ ಪಾಠಕ್ಕೆ ‘ನೇರ ಪಾಠ’ ಸರಿ. ಅವರವರಿಗೆ ಬಿಡುವಾದಾಗ ತೆರೆದು ನೋಡುವುದಕ್ಕೆ? ‘ಮುದ್ರಿತ ಪಾಠ’ ಎಂದು ಬರೆದಿದ್ದೆ. ಓದಿದ ಇಬ್ಬರೂ ಅಚ್ಚಾದ ಪುಸ್ತಕ ಎಂದುಕೊಂಡರು. ‘ರೆಕಾರ್ಡಿಂಗ್’ ಎಂದರೆ ಎಕೋ ಪ್ರಶ್ನೆಯಂಥದ್ದು ಹೊರಗೇ ಉಳಿಯುತ್ತದೆ, ಅದು ಸುಮ್ನೆ ನೋಡುವ ವಿಡಿಯೊ ಅಲ್ಲ. ‘ಬಿಡುವಿನ ಪಾಠ’ ಎಂದು ಹೊಳೆದಿದೆ. ನನಗೆ ಹಿಡಿಸಿತು, ಆದರೆ ಹೊತ್ತು ಹೋಗದವರು ನೋಡುವ ಪಾಠ ಎಂದು ಕೇಳಿಸಿಬಿಟ್ಟರೆ ಎಂಬ ಅಳುಕಿದೆ. ನಿಮ್ಮ ಕಡೆ ಇಂಥದ್ದಕ್ಕೆ ಬಳಕೆಯಲ್ಲಿರುವ ಮಾತಿದ್ದರೆ ತಿಳಿಸಿ. ಪದ ಒಂದೇ ಸಾಲದು, ಯಾರು ಯಾವಾಗ ಹಾಗೆ ಅನ್ನುತ್ತಾರೆ ಎಂದು ಒಂದು ವಾಕ್ಯವನ್ನೂ ಬರೆದರೆ ಉಪಕಾರವಾಗುತ್ತದೆ.