ಬಟ್ಟೆ ಅಂಗಡಿಯಲ್ಲಿ ರಾತ್ರಿ ಒಂಬತ್ತೂವರೆವರೆಗೆ ಕೆಲಸ, ಓಟಿ ಮಾತ್ರ ಇಲ್ಲ. ಏನು ಮಾಡಬಹುದು?

ಸೀರೆ ಸೆಕ್ಷನ್, ಹುಬ್ಬಳ್ಳಿ

ನಮಸ್ಕಾರ. ಇಲ್ಲಿನ ಒಂದು ದೊಡ್ಡ ಬಟ್ಟೆ ಅಂಗಡಿಯಲ್ಲಿ ಸೇಲ್ಸ್ ಕೆಲಸ ಮಾಡುತ್ತೇನೆ. ಬೆಳಿಗ್ಗೆ 9:30ಕ್ಕೆ ಒಳಗಿರಬೇಕು. ಶಟರ್ ಎಳೆಯುವುದು ರಾತ್ರಿ 9ಕ್ಕೆ. ಆಮೇಲೆ ಗಿರಾಕಿಗಳು ಬಿಚ್ಚಿಸಿದ ಸೀರೆಗಳನ್ನೆಲ್ಲ ಮಡಚಿ ರ‍್ಯಾಕಿಗೆ ಸೇರಿಸಿ ಹೊರಡುವಾಗ 9:30. ಮಧ್ಯಾಹ್ನ ಊಟಕ್ಕೆ ಅರ್ಧ ಗಂಟೆ ಅಷ್ಟೆ. ವಾರಕ್ಕೊಂದು ರಜೆ ಇದೆ. ಸಂಬಳ 15,600.

ಓಟಿ ಕೇಳಿದರೆ "ಅದೆಲ್ಲ ಫ್ಯಾಕ್ಟರಿಯವರಿಗಮ್ಮ, ಅಂಗಡಿಗಿಲ್ಲ" ಅನ್ನುತ್ತಾರೆ. ಹತ್ತು ನಿಮಿಷ ತಡವಾದರೆ ಅರ್ಧ ದಿನದ ಸಂಬಳ ಕಟ್. ತಿಂಗಳ ಕೊನೆಗೆ ಹಾಜರಿ ಪುಸ್ತಕಕ್ಕೆ ಒಟ್ಟಿಗೇ ಸಹಿ ಹಾಕಿಸಿಕೊಳ್ಳುತ್ತಾರೆ. ಅದರಲ್ಲಿ ಎಲ್ಲ ದಿನವೂ 10ರಿಂದ 7 ಅಂತ ಮೊದಲೇ ಬರೆದಿರುತ್ತದೆ. ಕೆಲಸ ಬಿಡುವ ಸ್ಥಿತಿ ನನ್ನದಲ್ಲ. ನಿಜವಾಗಿಯೂ ಅಂಗಡಿಯವರಿಗೆ ಕಾನೂನು ಇಲ್ವಾ?

ಕೌಂಟರ್ ಅಕ್ಕ, ದಾವಣಗೆರೆ

ಇದೆ ತಂಗಿ. 1961ರಿಂದ ಇದೆ. ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಅಂತ. ನಾನೂ ವರ್ಷಾನುಗಟ್ಟಲೆ ಕೌಂಟರಿನಲ್ಲಿ ನಿಂತವಳು, ಈಗ ಇಂಥ ಅರ್ಜಿಗಳನ್ನು ಬರೆದುಕೊಡುತ್ತೇನೆ. "ಅಂಗಡಿಗಿಲ್ಲ" ಅನ್ನೋ ಮಾತು ಕೇಳಿದಾಗಲೆಲ್ಲ ಮೈ ಉರಿಯುತ್ತದೆ.

ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ. ಇದಕ್ಕಿಂತ ಜಾಸ್ತಿ ದುಡಿಸಿದರೆ ಆ ಹೆಚ್ಚಿನ ಹೊತ್ತಿಗೆ ದುಪ್ಪಟ್ಟು ಕೂಲಿ. ಓಟಿ ಸೇರಿಸಿದರೂ ಸಾಮಾನ್ಯ ದಿನಗಳಲ್ಲಿ 10 ಗಂಟೆ ದಾಟುವಂತಿಲ್ಲ. ಐದು ಗಂಟೆ ಸತತ ದುಡಿದ ಮೇಲೆ ಒಂದು ಗಂಟೆ ಬಿಡುವು ಕೊಡಲೇಬೇಕು, ಅರ್ಧ ಗಂಟೆ ಅಲ್ಲ. ವಾರದ ರಜೆಗೆ ಸಂಬಳ ಮುರಿಯುವ ಹಾಗಿಲ್ಲ. ಹೆಣ್ಣುಮಕ್ಕಳನ್ನು ರಾತ್ರಿ 8ರ ನಂತರ ಇಟ್ಟುಕೊಳ್ಳಬೇಕಾದರೆ ಬರವಣಿಗೆಯಲ್ಲಿ ಒಪ್ಪಿಗೆ ಬೇಕು, ಮನೆಗೆ ಬಿಡಲು ವಾಹನ ಬೇಕು. ನಿಮ್ಮಲ್ಲಿ ಯಾರಾದರೂ ಕೇಳಿದ್ದಾರಾ?

ನಿಮ್ಮ ಲೆಕ್ಕ ನೋಡೋಣ. ದಿನಕ್ಕೆ ಹನ್ನೊಂದೂವರೆ ಗಂಟೆ, ಆರು ದಿನಕ್ಕೆ 69. ಅದರಲ್ಲಿ 48 ಕಳೆದರೆ 21 ಗಂಟೆ ಹೆಚ್ಚು. 15,600ನ್ನು 26 ದಿನಕ್ಕೆ, ದಿನವನ್ನು 8 ಗಂಟೆಗೆ ಭಾಗಿಸಿದರೆ ಗಂಟೆಗೆ 75 ರೂಪಾಯಿ. ದುಪ್ಪಟ್ಟು 150. ಅಂದರೆ ವಾರಕ್ಕೆ 3,150 ರೂಪಾಯಿ ನಿಮ್ಮ ಕೈ ಸೇರದೆ ಅಂಗಡಿಯಲ್ಲೇ ಉಳಿಯುತ್ತಿದೆ. ಇದು ಮಾಲೀಕರ ಔದಾರ್ಯದ ಪ್ರಶ್ನೆ ಅಲ್ಲ, ನಿಮ್ಮ ದುಡಿಮೆಯ ಹಣ.

ಹತ್ತು ನಿಮಿಷಕ್ಕೆ ಅರ್ಧ ದಿನ ಕಟ್ ಮಾಡುವುದೂ ತಪ್ಪು. ಎಷ್ಟು ಹೊತ್ತು ಇರಲಿಲ್ಲವೋ ಅಷ್ಟಕ್ಕೆ ಮಾತ್ರ ಮುರಿಯಬಹುದು. "ಅದು ದಂಡ" ಅಂದರೂ ತಿಂಗಳ ಸಂಬಳದ ನೂರಕ್ಕೆ 3ರಷ್ಟು ದಾಟುವಂತಿಲ್ಲ.

ಇನ್ನೊಂದು ಮಾತು. ದಿನವಿಡೀ ನಿಲ್ಲಿಸುತ್ತಾರಲ್ಲ, ಕೂರಲು ಒಂದು ಸ್ಟೂಲಾದರೂ ಇದೆಯಾ? ಕೋಝಿಕ್ಕೋಡಿನ ಬಟ್ಟೆ ಅಂಗಡಿಗಳ ಹೆಂಗಸರು ಬೀದಿಗಿಳಿದು ಹೋರಾಡಿದ್ದರಿಂದ ಕೇರಳ 2018ರಲ್ಲಿ ಕೂರುವ ಹಕ್ಕನ್ನು ಕಾನೂನಿಗೆ ಸೇರಿಸಿತು. 2021ರಲ್ಲಿ ತಮಿಳುನಾಡೂ ಸೇರಿಸಿತು. ಸಂಜೆ ಹೊತ್ತಿಗೆ ಚಪ್ಪಲಿಯೊಳಗೆ ಕಾಲು ಹಿಡಿಸದಷ್ಟು ಊದಿಕೊಂಡವರಿಗೇ ಅದರ ಬೆಲೆ ಗೊತ್ತು.

ಲೆಕ್ಕದ ಪುಸ್ತಕ

ಅಕ್ಕ ಹೇಳಿದ್ದೆಲ್ಲ ಸರಿ. ಆದರೆ ಇಂಥ ಕೇಸು ನಿಲ್ಲುವುದೂ ಬೀಳುವುದೂ ಹಾಜರಿ ಪುಸ್ತಕದ ಮೇಲೆ. ನಾನು ಅಂಗಡಿಗಳ ಲೆಕ್ಕ ಬರೆಯುವವನು, ಅದಕ್ಕೇ ಹೇಳುತ್ತಿದ್ದೇನೆ. 10ರಿಂದ 7 ಅಂತ ಬರೆದಿರುವಲ್ಲಿ ನಿಮ್ಮ ಸಹಿ ಇದ್ದರೆ, ನಾಳೆ ಅವರು ಮೊದಲು ತೋರಿಸುವುದು ಅದನ್ನೇ.

ಹಾಗಾಗಿ ಇವತ್ತಿನಿಂದಲೇ ನಿಮ್ಮದೇ ಒಂದು ನೋಟ್‌ಬುಕ್ ಇಡಿ. ತಾರೀಖು, ಒಳಗೆ ಬಂದ ಹೊತ್ತು, ಹೊರಟ ಹೊತ್ತು. ಅಂದಂದೇ ಬರೆಯಿರಿ, ವಾರದ ಕೊನೆಗೆ ನೆನಪಿನಿಂದ ಬೇಡ. ಅಂಗಡಿಯ ವಾಟ್ಸಾಪ್ ಗ್ರೂಪಿನಲ್ಲಿ "ನಾಳೆ ಎಲ್ಲರೂ 9ಕ್ಕೇ ಬನ್ನಿ", "ಸ್ಟಾಕ್ ಮುಗಿಯದೆ ಯಾರೂ ಹೋಗಬೇಡಿ" ಅಂತ ಬರುವ ಮೆಸೇಜುಗಳ ಸ್ಕ್ರೀನ್‌ಶಾಟ್ ತೆಗೆದಿಡಿ. ರಾತ್ರಿಯ ಬಸ್ ಟಿಕೆಟ್ ಸಿಕ್ಕರೆ ಆ ಪುಟಕ್ಕೇ ಅಂಟಿಸಿ. ಹೊರಡುವಾಗ ಮನೆಗೆ "ಈಗ ಬಿಟ್ಟೆ" ಅಂತ ಮೆಸೇಜ್ ಹಾಕುತ್ತೀರಲ್ವಾ? ಅದೂ ಸಾಕ್ಷಿಯೇ. ಹಾಜರಿ ಪುಟದ ಫೋಟೋ ಸಿಕ್ಕರೆ ಇನ್ನೂ ಒಳ್ಳೆಯದು.

ಸೀರೆ ಸೆಕ್ಷನ್, ಹುಬ್ಬಳ್ಳಿ

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಸ್ಟೂಲ್ ಇಲ್ಲ ಅಕ್ಕ. ವಾಟ್ಸಾಪ್ ಮೆಸೇಜುಗಳು ಬೇಕಾದಷ್ಟಿವೆ. ನನ್ನ ಜೊತೆ ಇನ್ನೂ ಮೂವರು ತಯಾರಿದ್ದಾರೆ. ಆದರೆ ದೂರು ಕೊಟ್ಟರೆ ತೆಗೆದುಬಿಡುತ್ತಾರೆ ಅನ್ನೋ ಭಯ. ಈ ಕೆಲಸದಲ್ಲಿದ್ದಾಗಲೇ ಕೇಳಬೇಕಾ, ಬಿಟ್ಟ ಮೇಲೂ ಕೇಳಬಹುದಾ?

ಕೌಂಟರ್ ಅಕ್ಕ, ದಾವಣಗೆರೆ

ಬಿಟ್ಟ ಮೇಲೂ ಕೇಳಬಹುದು. 2025ರ ನವೆಂಬರ್ 21ರಿಂದ ವೇತನ ಸಂಹಿತೆ ಜಾರಿಯಲ್ಲಿದೆ. ಅದರಲ್ಲಿ ಬಾಕಿ ಕೇಳಲು ಮೂರು ವರ್ಷ ಅವಕಾಶ. ಮೊದಲು ಕನಿಷ್ಠ ವೇತನದ ಕಾಯ್ದೆಯಲ್ಲಿ ಬರೀ ಆರು ತಿಂಗಳಿತ್ತು. ಬಾಕಿಯಿಲ್ಲ ಅಂತ ತೋರಿಸುವ ಹೊಣೆಯೂ ಈಗ ಮಾಲೀಕರದ್ದೇ. ಕೆಲಸ ಬಿಟ್ಟರೆ ಅಥವಾ ತೆಗೆದರೆ ಬರಬೇಕಾದ ಸಂಬಳವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು.

ನಾಲ್ವರೂ ಸೇರಿ ಒಂದೇ ಅರ್ಜಿ ಕೊಡಿ. ಒಬ್ಬಳನ್ನು ತೆಗೆಯುವುದು ಸುಲಭ, ನಾಲ್ವರನ್ನು ಹಬ್ಬದ ಸೀಸನ್ ಮುಂದೆ ತೆಗೆಯುವುದು ಅಷ್ಟು ಸುಲಭ ಅಲ್ಲ. ಕಾರ್ಮಿಕ ನಿರೀಕ್ಷಕರ ಕಚೇರಿಗೆ ಎರಡು ಪ್ರತಿ ಒಯ್ಯಿರಿ, ಒಂದರ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳದೆ ಬರಬೇಡಿ. ವಕೀಲರು ಬೇಕಾದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ಫೀಸಿಲ್ಲ. ಅರ್ಜಿ ಬರೆದಾದ ಮೇಲೆ ಹೆಸರು, ಅಂಗಡಿ ತೆಗೆದು ಇಲ್ಲಿ ಹಾಕಿ, ತಿದ್ದಿಕೊಡುತ್ತೇನೆ.