ವೆಬ್‌ಲಾಜಿಕ್: ಅಡ್ಮಿನ್ ಸರ್ವರ್ ಬಂದ್ ಮಾಡಿದ್ರ ಮ್ಯಾನೇಜ್ಡ್ ಸರ್ವರ್ ನಿಲ್ತಾವೇನ್ರಿ?

ಉಣಕಲ್_ಕೆರಿ:
ವೆಬ್‌ಲಾಜಿಕ್ 12ಸಿ (ಜಾವಾ ಆ್ಯಪ್ ಓಡಿಸೋ ಒರಾಕಲ್ ಸರ್ವರ್), ಲಿನಕ್ಸ್. ಎಲ್ಲಾ ಸಂಭಾಳಿಸೋ ಅಡ್ಮಿನ್ ಸರ್ವರ್ ಹುಬ್ಬಳ್ಳಿ ಮಶೀನ್‌ನಾಗ, ಆ್ಯಪ್ ನಡೆಸೋ ಎರಡು ಮ್ಯಾನೇಜ್ಡ್ ಸರ್ವರ್ ಧಾರವಾಡದಾಗ. ರವಿವಾರ ಹುಬ್ಬಳ್ಳಿ ಕಡೆ ಕರೆಂಟ್ ತೆಗೀತಾರ, ಯುಪಿಎಸ್ ಒಂದು ತಾಸಿನ ಮ್ಯಾಲ ತಡಿಯಂಗಿಲ್ಲ. ಧಾರವಾಡದವನ್ನೂ ನಿಲ್ಲಿಸಬೇಕೇನು? ಮತ್ತ ಸ್ಟಾಪ್‌ವೆಬ್‌ಲಾಜಿಕ್ ಸ್ಕ್ರಿಪ್ಟ್ ಓಡಿಸಿದ್ರ ‘ಕನೆಕ್ಷನ್ ರಿಫ್ಯೂಸ್ಡ್’ ಅಂತದ. ಕಿಲ್ -9 (ಪ್ರೋಸೆಸ್ ಒಮ್ಮೆಲೇ ಕೊಲ್ಲೋ ಕಮಾಂಡ್) ಹೊಡೆದ್ರ ನಡೀತದೋ?

ಗದಗ_ಲಿನಕ್ಸ್:
ಧಾರವಾಡದವು ನಡೀತಿರಲಿ, ಬಿಡ್ರಿ. ಅಡ್ಮಿನ್ ಇಲ್ಲದಾಗ ಕನ್ಸೋಲ್ ಇಲ್ಲ, ಡಿಪ್ಲಾಯ್ ಇಲ್ಲ, ಕಾನ್ಫಿಗ್ ಬದಲಿ ಇಲ್ಲ, ಅಷ್ಟ. ಬಂದ ರಿಕ್ವೆಸ್ಟ್‌ಗೆ ಉತ್ತರ ಕೊಡೋ ಕೆಲಸ ಅವು ಮಾಡ್ತಾನ ಇರ್ತಾವ. ನಡುವ ಒಂದು ಬಿದ್ದು ಮತ್ತ ಎದ್ದರೂ, ತನ್ನ ಹತ್ರ ಇರೋ ಕಾನ್ಫಿಗ್ ಕಾಪಿಯಿಂದನ ಏಳ್ತದ. ಆ ಸವಲತ್ತು ಡಿಫಾಲ್ಟ್ ಆಗಿ ಆನ್ ಇರ್ತದ. ಆದ್ರ ಅದಕ್ಕಿಂತ ಮೊದಲು ಒಮ್ಮೆಯಾದ್ರೂ ಅಡ್ಮಿನ್ ಜೋಡಿ ಸ್ಟಾರ್ಟ್ ಆಗಿರಬೇಕು.

ರಿಫ್ಯೂಸ್ಡ್ ಬರೋದಕ್ಕ ‘ಎಸ್‌ಎಸ್ -ಎಲ್‌ಟಿಎನ್‌ಪಿ’ ಕೊಟ್ಟು ಅಡ್ಮಿನ್‌ನ ಪೋರ್ಟ್ 7001 ಯಾವ ಐಪಿ ಮ್ಯಾಲ ಕುಂತದ ನೋಡ್ರಿ. ಲಿಸನ್ ಅಡ್ರೆಸ್ 10.ರ ಐಪಿ ಇದ್ದು, ಹೋಸ್ಟ್ಸ್ ಫೈಲ್‌ನಾಗ ಮಶೀನಿನ ಹೆಸರು 127.0.0.1ಕ್ಕ ಬರೆದಿದ್ರ ಸ್ಕ್ರಿಪ್ಟ್ ತಪ್ಪು ಬಾಗಿಲು ಬಡೀತದ. ಯೂಸರ್, ಪಾಸ್‌ವರ್ಡ್ ಆದ ಮ್ಯಾಲ ಮೂರನೇದಾಗಿ ಟಿ3 (ವೆಬ್‌ಲಾಜಿಕ್‌ನ ಸ್ವಂತ ಪ್ರೋಟೋಕಾಲ್) ಯುಆರ್‌ಎಲ್ ಕೊಡ್ರಿ. (ಪಾಸ್‌ವರ್ಡ್ ಹಿಸ್ಟರಿಯೊಳಗ ಉಳೀತದ, ಅಳಿಸ್ರಿ.)

ಹಾವೇರಿ_ಏಲಕ್ಕಿ:
-9 ಬ್ಯಾಡ್ರಿ. ಸ್ಕ್ರಿಪ್ಟ್ ಕೈ ಕೊಟ್ರ ಮೊದಲು ಬರೇ ಕಿಲ್ ಕೊಡ್ರಿ: ಜೆವಿಎಂ (ಜಾವಾ ಓಡಿಸೋ ಎಂಜಿನ್) ಶಟ್‌ಡೌನ್ ಹುಕ್ ಎದ್ದು, ಸರ್ವರ್ ತಾನ ಬಾಗಿಲು ಹಾಕ್ಕೊಂತದ, ಲಾಗ್‌ನಾಗ ಬಿಇಎ-000388 ಅನ್ನೋ ಮೆಸೇಜ್ ನಂಬರ್ ಕಾಣ್ತದ. -9 ಹೊಡೆದ್ರ ಒಳಗಿನ ಎಲ್‌ಡ್ಯಾಪ್ (ಯೂಸರ್‌ಗಳ ಡೈರೆಕ್ಟರಿ) ಫೈಲ್ ಅರ್ಧಕ್ಕ ಬರೆದು ಕೆಡಬಹುದು. ಅಡ್ಮಿನ್‌ನ ಡೇಟಾ/ಎಲ್‌ಡ್ಯಾಪ್ ಅಸಲು ಪ್ರತಿ, ಯೂಸರ್‌ಗಳೆಲ್ಲ ಅದರಾಗ ಇರ್ತಾರ. ನಿಲ್ಲಿಸಿದ ಕೂಡಲೇ ಡೊಮೈನ್ ಫೋಲ್ಡರ್ ಟಾರ್ ಹಚ್ಚಿ ಇಟ್ಕೋರಿ.

ಸ್ಟಾರ್ಟ್ ಮಾಡೋ ಮುಂದ ಬಿಇಎ-141281, ಫೈಲ್ ಲಾಕ್ ಸಿಗಲಿಲ್ಲ ಅಂದ್ರ, ಎಲ್ಲಾರೂ .ಲೋಕ್ ಫೈಲ್ ಅಳಸ್ತಾರ. ಅದ ತಪ್ಪು. ಪ್ರೋಸೆಸ್ ಸತ್ತ ಕೂಡಲೇ ಲಿನಕ್ಸ್ ಲಾಕ್ ಬಿಡ್ತದ. ಬಿಟ್ಟಿಲ್ಲಂದ್ರ ಹಳೇ ಜಾವಾ ಇನ್ನೂ ಜೀವಂತ ಅದ. ‘ಪಿಎಸ್ -ಇಎಫ್’ನಾಗ ಹುಡುಕ್ರಿ. ಎನ್‌ಎಫ್‌ಎಸ್ (ನೆಟ್‌ವರ್ಕ್ ಮ್ಯಾಲಿನ) ಡಿಸ್ಕ್ ಇದ್ರ ಮಾತು ಬ್ಯಾರೆ.

ಸ್ಟಾರ್ಟ್‌ವೆಬ್‌ಲಾಜಿಕ್ ಅನ್ನ ನೋಹಪ್ ಹಚ್ಚೇ ಓಡಿಸ್ರಿ, ಇಲ್ಲಂದ್ರ ಪುಟಿ (ಟರ್ಮಿನಲ್ ಕಿಟಕಿ) ಮುಚ್ಚಿದ ಕೂಡಲೇ ಸರ್ವರೂ ಹೋಗ್ತದ. ಸೆಕ್ಯುರಿಟಿ ಫೋಲ್ಡರ್‌ನಾಗ ಬೂಟ್.ಪ್ರಾಪರ್ಟೀಸ್ (ಯೂಸರ್, ಪಾಸ್‌ವರ್ಡ್ ಇಡೋ ಫೈಲ್) ಇರಬೇಕು, ಇರದಿದ್ರ ಯೂಸರ್‌ನೇಮ್ ಕೇಳ್ಕೊಂತ ಅಲ್ಲೇ ಬೀಳ್ತದ. ರೂಟ್‌ನಿಂದಂತೂ ಸ್ಟಾರ್ಟ್ ಮಾಡಬ್ಯಾಡ್ರಿ: ಲಾಗ್, ಟೆಂಪ್ ಎಲ್ಲಾ ರೂಟ್ ಪಾಲಾಗಿ, ಮುಂದಿನ ಸಲ ‘ಪರ್ಮಿಶನ್ ಡಿನೈಡ್’. ಲಾಗ್‌ನಾಗ ಬಿಇಎ-000360 (ಸರ್ವರ್ ಎದ್ದತು ಅನ್ನೋ ಮೆಸೇಜ್) ಬರೋತನಕ ಕಾಯ್ರಿ.

ಉಣಕಲ್_ಕೆರಿ:
ಹೌದ್ರಿ, ಹೋಸ್ಟ್ಸ್ ಫೈಲ್‌ನಾಗ 127.0.0.1 ಅಂತನ ಇತ್ತು. ಯುಆರ್‌ಎಲ್ ಕೊಟ್ಟ ಮ್ಯಾಲ ನಿಂತತು. ಇನ್ನ ಕರೆಂಟ್ ಬಂದ ಮ್ಯಾಲ ಧಾರವಾಡದವು ಅಡ್ಮಿನ್‌ಗೆ ತಾವಾಗೇ ಕೂಡ್ತಾವೋ, ರಿಸ್ಟಾರ್ಟ್ ಕೊಡಬೇಕೋ?

ಗದಗ_ಲಿನಕ್ಸ್:
ತಾವಾಗೇ ಕೂಡ್ತಾವ. ಐಪಿ, ಪೋರ್ಟ್ ಮೊದಲಿನದ ಇರಲಿ.