ಕಡಲ ಬದಿ ಮನೆ ಕೊಂಡವರು ಅನುಭವ ಹೇಳಿ: ಮುಂದಿನ ಬೀಚ್ ನಮ್ಮದಾಗುತ್ತಾ?

ಬೆಂಗಳೂರಿಂದ_ಒಬ್ಬ: ಮರವಂತೆಯಿಂದ ಸ್ವಲ್ಪ ಉತ್ತರಕ್ಕೆ, ಪಂಚಾಯತ್ ವ್ಯಾಪ್ತಿಯಲ್ಲಿ 18 ಸೆಂಟ್ಸ್, ಹಳೇ ಹಂಚಿನ ಮನೆ. ಅಂಗಳ ದಾಟಿದರೆ ಮರಳು. ಬ್ರೋಕರ್ "ಪ್ರೈವೇಟ್ ಬೀಚ್ ಸಾರ್, ಬೇಲಿ ನೀರಿನ ತನಕ ಹಾಕ್ಕೊಳ್ಳಿ" ಅಂತಾನೆ. ಮನೆ ಕೆಡವಿ ಎರಡಂತಸ್ತು ಕಟ್ಟೋ ಆಸೆ. ಕೊಂಡವರು ದಯವಿಟ್ಟು ಹೇಳಿ.

ಉಪ್ಪುಗಾಳಿ: ನಾನು 2016ರಲ್ಲಿ ತಗೊಂಡದ್ದು. ಆರ್‌ಟಿಸಿಯಲ್ಲಿ (ಪಹಣಿ) 22 ಸೆಂಟ್ಸ್, ದುಡ್ಡು ಎಣಿಸಿದ್ದೂ 22ಕ್ಕೆ. ರಿಜಿಸ್ಟ್ರೇಶನ್ ಆಗಿ ಆರು ತಿಂಗಳಿಗೆ ಸರ್ವೇಯರ್ ಬಂದು ಅಳೆದರೆ ಪಡು ಬದಿಯ ಎರಡೂ ಗಡಿಕಲ್ಲು ಇಲ್ಲ. ಎಲ್ಲಿ ಮಾರಾಯ್ರೆ ಅಂತ ಕೇಳಿದ್ರೆ ಮಾತಾಡದೆ ಅಲೆ ಕಡೆ ಕೈ ತೋರಿಸಿದರು. ಸಿಕ್ಕಿದ್ದು 15. ಉಳಿದ ಏಳು ಸೆಂಟ್ಸಿನ ತೀರ್ವೆ (ಭೂಕಂದಾಯ) ಇವತ್ತಿಗೂ ಕಟ್ತಾ ಇದ್ದೇನೆ, ಮೀನುಗಳ ಪರವಾಗಿ. 2018ರ ಮಳೆಗಾಲಕ್ಕೆ ಒಂಬತ್ತು ತೆಂಗು ಹೋಯ್ತು. ಲೋಡಿಗೆ 4,800ರಂತೆ 31 ಲೋಡು ಕಲ್ಲು ಸುರಿಸಿದೆ, 1,48,800 ರೂಪಾಯಿ. ಮರುವರ್ಷ ಅರ್ಧ ಕಲ್ಲು ಮರಳೊಳಗೆ. ಫೆಬ್ರವರಿ ಮುಗಿಯುವಾಗ ಬಾವಿ ನೀರಲ್ಲಿ ಚಾ ಮಾಡಿದ್ರೆ ಹಾಲು ಒಡೀತದೆ. ಆದ್ರೂ ಮಾರುವುದಿಲ್ಲ. ಬೆಳಿಗ್ಗೆ ಜಗಲಿಯಲ್ಲಿ ಕೂತರೆ ಬೇರೆ ಎಂತದೂ ಬೇಡ.

ಹೊಳೆಬದಿ: ಸಮುದ್ರ ಬೇಡ ಅಂತ ಜಾಣತನ ಮಾಡಿ ಹೊಳೆ ಬದಿ ತಗೊಂಡವ ನಾನು. ಸಿಆರ್‌ಜೆಡ್, ಅಂದ್ರೆ ಕರಾವಳಿಯಲ್ಲಿ ಕಟ್ಟಡಕ್ಕೆ ಮಿತಿ ಹಾಕುವ ನಿಯಮ, ಕಡಲಿಗೆ ಮಾತ್ರ ಅಂದ್ಕೊಂಡಿದ್ದೆ. ಉಬ್ಬರದ ಉಪ್ಪುನೀರು ಎಲ್ಲಿಯವರೆಗೆ ಏರ್ತದೋ ಅಲ್ಲಿಯವರೆಗೆ ಹೊಳೆಗೂ ಉಂಟು. 2011ರ ಅಧಿಸೂಚನೆಯಲ್ಲಿ ದಡದಿಂದ 100 ಮೀಟರ್, 2019ರದ್ದರಲ್ಲಿ 50, ಹೊಳೆಯ ಅಗಲ ಅದಕ್ಕಿಂತ ಕಡಿಮೆ ಇದ್ರೆ ಅಷ್ಟು. ಅನುಮತಿಗೆ ನನ್ನ ಫೈಲ್ ಹೋದದ್ದು 2017ರಲ್ಲಿ. ಹೊಳೆ 90 ಮೀಟರ್ ಅಗಲ, ನನ್ನ ಪಂಚಾಂಗ (ಮನೆಯ ಅಡಿಪಾಯ) ದಡದಿಂದ 60ರಲ್ಲಿ, ಅಂದ್ರೆ ಮಿತಿಯ ಒಳಗೆ. ನಕ್ಷೆಗೆ 35,000, ಓಡಾಟಕ್ಕೆ ಎಷ್ಟು ಅಂತ ಹೆಂಡತಿಗೆ ಇನ್ನೂ ಹೇಳಿಲ್ಲ. ಬ್ಯಾಂಕ್ ಸಾಲವೂ ಅಲ್ಲೇ ನಿಂತಿತು.

ರಂಪಣಿಮನೆ: @ಉಪ್ಪುಗಾಳಿ, ಕಲ್ಲು ಸುರಿಸ್ಲಿಕ್ಕೆ ಅನುಮತಿ ಇತ್ತಾ? ನೀವು ಒಂದು ಕಡೆ ಕಲ್ಲು ಹಾಕಿದ್ರೆ ಅಲೆ ಪಕ್ಕದ ಮನೆ ಕೊರೀತದೆ. ನಮ್ಮ ಚಿಕ್ಕಪ್ಪನ ಅಡುಗೆಕೋಣೆ ಹೋದದ್ದು ಹಾಗೆಯೇ. ಮತ್ತೆ ಬೇಲಿ ಕೇಳಿದವರಿಗೆ: ಭೂಕಂದಾಯ ಕಾಯ್ದೆ 1964, 67ನೇ ಕಲಂ ಓದಿ. ಉಬ್ಬರದ ಗೆರೆಯಿಂದ ಕೆಳಗೆ ಎಲ್ಲ ಸರ್ಕಾರದ್ದು. ಕೈರಂಪಣಿ (ದಡದಿಂದ ಎಳೆಯುವ ದೊಡ್ಡ ಬಲೆ) ಎಳೆಯುವಾಗ ಹಗ್ಗ ಹಿಡಿದು ನಲ್ವತ್ತು ಜನ ಹಿಂದೆ ಹಿಂದೆ ಸರೀಬೇಕು. ಹೋದ ವರ್ಷ ಒಬ್ಬ ರೆಸಾರ್ಟಿನವನ ಮುಳ್ಳುತಂತಿ ನನ್ನ ಬೆನ್ನಿಗೇ ಚುಚ್ಚಿತು. ನಾಲ್ಕು ಹೊಲಿಗೆ.

ಉಪ್ಪುಗಾಳಿ: ನಾನು ತಂತಿ ಹಾಕಿದ್ದಲ್ಲ, ಕಲ್ಲು. ದೋಣಿ ಇಳಿಸ್ಲಿಕ್ಕೆ ಎಂಟು ಅಡಿ ದಾರಿ ಬಿಟ್ಟಿದ್ದೇನೆ.

ರಂಪಣಿಮನೆ: "ಬಿಟ್ಟಿದ್ದೇನೆ" ಅಂತೆ! ನಿಮ್ಮ ಅಪ್ಪ ಹುಟ್ಟುವ ಮೊದಲೇ ಇದ್ದ ದಾರಿ ಅದು.

ಉಪ್ಪುಗಾಳಿ: ಅಪ್ಪನ ಸುದ್ದಿ ಬೇಡ.

ಕೆರೆನೋಟ_ಫ್ಲಾಟ್: ಬೆಂಗಳೂರಲ್ಲಿ ಕೆರೆ ಎದುರು ಫ್ಲಾಟ್ ತಗೊಂಡ ನನ್ನ ಕಥೆ ಕೇಳಿ. 2016ರಲ್ಲಿ ಹಸಿರು ನ್ಯಾಯಮಂಡಳಿ ಕೆರೆಯಿಂದ 75 ಮೀಟರ್ ಬಫರ್, ಅದರೊಳಗೆ ಕಟ್ಟಬಾರದು ಅಂದಾಗ ನಾವು 48 ಮೀಟರಲ್ಲಿ. ಮೂರು ವರ್ಷ ನಿದ್ದೆ ಇಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನ ರದ್ದು ಮಾಡ್ತು. ಅಷ್ಟರಲ್ಲಿ ಪಕ್ಕದವರು 11 ಲಕ್ಷ ನಷ್ಟಕ್ಕೆ ಮಾರಿ ಹೋಗಿದ್ರು.

ಹೊಳೆಬದಿ: ಕೆರೆಗೂ ಕಡಲಿಗೂ ಎಂತ ಸಂಬಂಧ? ಕೊಚ್ಚಿಯ ಮರಡು ನೋಡಿ. ಸಿಆರ್‌ಜೆಡ್ ಮೀರಿ ಕಟ್ಟಿದ್ದಕ್ಕೆ 2020ರ ಜನವರಿಯಲ್ಲಿ ಇಡೀ ಅಪಾರ್ಟ್‌ಮೆಂಟುಗಳನ್ನೇ ಸ್ಫೋಟಿಸಿ ಕೆಡವಿದ್ರು. ಅವರ ಹತ್ರ ಪಂಚಾಯತ್ ಲೈಸೆನ್ಸ್ ಇತ್ತು!

ಕೆರೆನೋಟ_ಫ್ಲಾಟ್: ಅನುಭವ ಕೇಳಿದ್ರು, ಹೇಳಿದೆ. ನಿಮಗ್ಯಾಕೆ ಉರಿ?

ಬೆಂಗಳೂರಿಂದ_ಒಬ್ಬ: ಜಗಳ ಬಿಡಿ ಸಾರ್. ಕೆಡವಿ ಕಟ್ಟಬಹುದಾ ಇಲ್ವಾ?

ಹೊಳೆಬದಿ: ಜನ ಕಡಿಮೆ ಇರುವ ಹಳ್ಳಿಯಾದ್ರೆ ಉಬ್ಬರದ ಗೆರೆಯಿಂದ 200 ಮೀಟರ್ ಹೊಸತು ಕಟ್ಟುವ ಹಾಗಿಲ್ಲ. ಚದರ ಕಿಲೋಮೀಟರಿಗೆ 2,161ಕ್ಕಿಂತ ಹೆಚ್ಚು ಜನ ಇದ್ರೆ 50. ಅಧಿಕೃತ ಹಳೇ ಮನೆಯಾದ್ರೆ ಅದೇ ಪಂಚಾಂಗದ ಅಳತೆಯಲ್ಲಿ ಪುನಃ ಕಟ್ಟಬಹುದು, ಮೇಲೊಂದು ಅಂತಸ್ತು ಏರಿಸುವ ಹಾಗಿಲ್ಲ. ಗೆರೆ ಅಂದ್ರೆ ನೀವು ನಿಂತು ನೋಡಿದ ನೀರಲ್ಲ, ನಕ್ಷೆಯಲ್ಲಿ ಎಳೆದದ್ದು. ನನ್ನ ಫೈಲಲ್ಲಿ ಅದೇ ಗೆರೆ ಎರಡು ಸಲ...

ರಂಪಣಿಮನೆ: ಹಿಂದಿನ ಅರ್ಧ ಜಾಗ ವರ್ಗವಾ (ಸ್ವಂತ ಪಟ್ಟಾ ಜಾಗ) ಕುಮ್ಕಿಯಾ (ಅದಕ್ಕೆ ತಾಗಿದ ಸರ್ಕಾರಿ ಜಾಗ), ಅದೂ ನೋಡಿ. ಕುಮ್ಕಿಯಲ್ಲಿ ಸೊಪ್ಪು ತರಬಹುದು, ಜಾಗ ಸರ್ಕಾರದ್ದು.

ಬೆಂಗಳೂರಿಂದ_ಒಬ್ಬ: ಅಯ್ಯೋ. ಎರಡು ಲಕ್ಷ ಅಡ್ವಾನ್ಸ್ ಕೊಟ್ಟಾಗಿದೆ.

ಉಪ್ಪುಗಾಳಿ: ಕೊಟ್ಟಾಯ್ತಾ! ಆಗ್ಲಿ, ಗೇಟಿಗೆ ಮಾತ್ರ ಕಬ್ಬಿಣ ಬೇಡ. ನನ್ನದು ಮೂರು ವರ್ಷಕ್ಕೆ ಹಿಂಜಿನಿಂದ ಕಳಚಿ ಬಿತ್ತು. 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಹಾಕಿ.

ಹೊಳೆಬದಿ: 304 ಸಾಕು, ಸುಮ್ಮನೆ ದುಡ್ಡು ದಂಡ.

ಉಪ್ಪುಗಾಳಿ: ನಿಮ್ಮದು ಹೊಳೆ ಮಾರಾಯ್ರೆ. ಇಲ್ಲಿ ಬಂದು ಒಂದು ಮಳೆಗಾಲ ನಿಂತು ಮಾತಾಡಿ.